ಅಕ್ರಿಲಿಕ್ ಬಣ್ಣ ಸುರಿದು ಚಿತ್ರಿಸುವ ಕಲೆ: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹರಿಯುವ ಹದಕ್ಕೆ ಕಲಸಿದ ಅಕ್ರಿಲಿಕ್ ಬಣ್ಣಗಳನ್ನು ಲೋಟದಿಂದ ಕ್ಯಾನ್ವಾಸಿನ ಮೇಲೆ ಸುರಿದು, ಕ್ಯಾನ್ವಾಸನ್ನು ಅತ್ತಿತ್ತ ಓಲಿಸಿ ಚಿತ್ರ ಮೂಡಿಸುವುದೇ ಈ ಕಲೆ. ಉಡುಪಿಯ ನನ್ನ ಚಿತ್ರಶಾಲೆಗೆ ಬರುವವರು, ಪ್ರದರ್ಶನಗಳಲ್ಲಿ ಚಿತ್ರದ ಮುಂದೆ ನಿಂತು ವಿಚಾರಿಸುವವರು, ಮನೆಯಲ್ಲೇ ಪ್ರಯತ್ನಿಸಿ ನಡುವೆ ಸಿಕ್ಕಿಬಿದ್ದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳನ್ನೆಲ್ಲ ಕರಾವಳಿಯ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಘಟ್ಟದ ಮೇಲಿನವರು ಒಣಗುವ ಅವಧಿಯ ಕುರಿತಾದ ಮಾತುಗಳನ್ನು ತಮ್ಮ ಊರಿಗೆ ಹೊಂದಿಸಿಕೊಂಡು ಓದಬೇಕು.

ಬಣ್ಣ ತಾನಾಗಿ ಹರಿಯುತ್ತದೆ ಎಂದಾದರೆ ಕಲಾವಿದನಿಗೆ ಇಲ್ಲಿ ಏನು ಕೆಲಸ?

ಕೆಲಸದ ಬಹುಪಾಲು ಲೋಟವನ್ನು ಬಗ್ಗಿಸುವ ಮೊದಲೇ ಮುಗಿದಿರುತ್ತದೆ. ಯಾವ ಬಣ್ಣ ಎಷ್ಟು ದಪ್ಪಗಿರಬೇಕು, ಯಾವುದು ಭಾರ, ಯಾವುದು ಹಗುರ, ಯಾವುದರ ಮೇಲೆ ಯಾವುದು ಕೂರಬೇಕು, ಯಾವ ಎರಡರ ನಡುವೆ ಬಿಳಿಯ ತಡೆ ಇರಬೇಕು ಎಂಬುದನ್ನು ನಿರ್ಧರಿಸುವುದು ಕಲಾವಿದನೇ. ಬಣ್ಣ ಕ್ಯಾನ್ವಾಸಿನ ಮೇಲೆ ಬಿದ್ದ ನಂತರ ಅದನ್ನು ಯಾವ ಮೂಲೆಗೆ ಓಲಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ತೀರ್ಮಾನಕ್ಕೆ ಕೆಲವೇ ನಿಮಿಷಗಳ ಕಾಲಾವಕಾಶವಿರುತ್ತದೆ. ಕೊನೆಗೆ ಒಣಗಿದ ಚಿತ್ರವನ್ನು ಇಟ್ಟುಕೊಳ್ಳಬೇಕೇ, ಮೇಲೆ ಬಣ್ಣ ಬಳಿದು ಕ್ಯಾನ್ವಾಸನ್ನು ಮತ್ತೆ ಬಳಸಬೇಕೇ ಎಂಬ ಆಯ್ಕೆ ಬರುತ್ತದೆ. ನನ್ನ ಮಟ್ಟಿಗೆ ಕಲಾವಿದನ ಕಣ್ಣು ತಿಳಿದುಬರುವುದು ಈ ಕೊನೆಯ ಆಯ್ಕೆಯಲ್ಲೇ. ಸುರಿದದ್ದೆಲ್ಲವನ್ನೂ ಚೌಕಟ್ಟಿಗೆ ಹಾಕಿಸುವವರ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ.

ಇದು ಇತ್ತೀಚೆಗೆ ಮೊಬೈಲಿನ ವೀಡಿಯೊಗಳಿಂದ ಹುಟ್ಟಿದ ಹವ್ಯಾಸವಲ್ಲವೇ?

ವೀಡಿಯೊಗಳು ಇದನ್ನು ಮನೆಮನೆಗೆ ತಲುಪಿಸಿದ್ದು ನಿಜ, ಆದರೆ ಹುಟ್ಟಿಸಿದ್ದು ಅವುಗಳಲ್ಲ. ಮೆಕ್ಸಿಕೋದ ಭಿತ್ತಿಚಿತ್ರಕಾರ ದಾವಿದ್ ಅಲ್ಫಾರೊ ಸಿಕೆರೋಸ್ 1930ರ ದಶಕದಲ್ಲೇ ಕೈಗಾರಿಕೆಯ ಬಣ್ಣಗಳನ್ನು ಒಂದರ ಮೇಲೊಂದು ಸುರಿದು, ಅವು ತಮ್ಮಷ್ಟಕ್ಕೆ ಬೆರೆಯುವಾಗ ಮೂಡುವ ಆಕಾರಗಳನ್ನು ಚಿತ್ರದೊಳಗೆ ಬಳಸಿಕೊಂಡಿದ್ದರು. 1936ರಲ್ಲಿ ಅವರು ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಾಯೋಗಿಕ ಕಾರ್ಯಾಗಾರದಲ್ಲಿ ಮುಂದೆ ಬಣ್ಣ ತೊಟ್ಟಿಕ್ಕಿಸಿ ಚಿತ್ರಿಸುವುದಕ್ಕೆ ಹೆಸರಾದ ಅಮೆರಿಕದ ತರುಣ ಜಾಕ್ಸನ್ ಪೊಲಾಕ್ ಕೂಡ ಇದ್ದರು. ಆದರೆ ಸಿಕೆರೋಸ್ ಬಳಸಿದ್ದು ವಾಹನಗಳಿಗೆ ಹೊಡೆಯುವ ನೈಟ್ರೋಸೆಲ್ಯುಲೋಸ್ ಬಣ್ಣ. ನೀರಿನಲ್ಲಿ ಕಲಸಬಹುದಾದ ಅಕ್ರಿಲಿಕ್ ಕಲಾವಿದರ ಕೈಗೆ ಸಿಕ್ಕಿದ್ದು 1950ರ ದಶಕದ ನಡುವಿನಲ್ಲಿ. ಅದಕ್ಕೂ ಮೊದಲು ಟರ್ಪೆಂಟೈನಿನಂತಹ ದ್ರಾವಕದಲ್ಲಿ ಕರಗುವ ಮ್ಯಾಗ್ನಾ ಎಂಬ ಅಕ್ರಿಲಿಕ್ ಬಂದಿತ್ತು, ಅಮೆರಿಕದ ಮಾರಿಸ್ ಲೂಯಿಸ್ ಅದನ್ನು ತೆಳುವಾಗಿಸಿ ಕ್ಯಾನ್ವಾಸಿನ ಮೇಲೆ ಹರಿಸುತ್ತಿದ್ದರು.

ಸಿಕೆರೋಸ್ ಅವರ ವಿಧಾನವನ್ನು ಮೆಕ್ಸಿಕೋದ ಸಂಶೋಧಕರು ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿ 2015ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಭಾರವಾದ ದ್ರವ ಮೇಲೆ, ಹಗುರವಾದದ್ದು ಕೆಳಗೆ ಇದ್ದಾಗ ಎರಡೂ ಸ್ಥಳ ಬದಲಿಸಿಕೊಳ್ಳಲು ಹವಣಿಸುತ್ತವೆ. ಭೌತವಿಜ್ಞಾನದಲ್ಲಿ ಇದಕ್ಕೆ ರೇಲೀ-ಟೇಲರ್ ಅಸ್ಥಿರತೆ ಎಂದು ಹೆಸರು. ಕೆಳಗಿನ ಹಲವು ಉತ್ತರಗಳಿಗೆ ಇದೇ ತಳಹದಿ.

ಅಕ್ರಿಲಿಕ್ ಒಣಗುವುದೆಂದರೆ ನೀರು ಆರುವುದಷ್ಟೇ ತಾನೇ?

ಅಷ್ಟೇ ಅಲ್ಲ. ಬಣ್ಣದ ಪುಡಿಯನ್ನು ಹಿಡಿದಿಡುವ ಅಕ್ರಿಲಿಕ್ ಪಾಲಿಮರ್ ನೀರಿನಲ್ಲಿ ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ನೀರು ಆರಿದಂತೆ ಈ ಕಣಗಳು ಹತ್ತಿರ ಬಂದು, ಒತ್ತಿಕೊಂಡು, ಕೊನೆಗೆ ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಒಮ್ಮೆ ಬೆಸೆದ ಮೇಲೆ ನೀರು ಹಾಕಿದರೂ ಕರಗುವುದಿಲ್ಲ. ಬೆಸುಗೆಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆ ಬೇಕೆಂದು ತಯಾರಕರು ಎಚ್ಚರಿಸುವುದುಂಟು. ಮಂಗಳೂರು, ಉಡುಪಿಯಲ್ಲಿ ಆ ಚಿಂತೆ ಯಾರಿಗೂ ಬೇಡ.

ಹಸಿಯಾಗಿರುವಾಗ ಈ ಪಾಲಿಮರ್ ಹಾಲಿನ ಬಣ್ಣದ್ದಾಗಿದ್ದು, ಒಣಗಿದಾಗ ಪಾರದರ್ಶಕವಾಗುತ್ತದೆ. ಆದ್ದರಿಂದ ಲೋಟದಲ್ಲಿ ಕಂಡ ನೀಲಿ ಮರುದಿನ ಒಂದು ಛಾಯೆ ಗಾಢವಾಗಿ ಕಾಣುತ್ತದೆ. ಬಣ್ಣ ಸರಾಗವಾಗಿ ಹರಿಯಲೆಂದು ಸೇರಿಸುವ ಪಾಲಿಮರ್ ದ್ರವವನ್ನು, ಅಂದರೆ ಪೋರಿಂಗ್ ಮೀಡಿಯಂ ಅನ್ನು, ಹೆಚ್ಚು ಬೆರೆಸಿದಷ್ಟೂ ಈ ವ್ಯತ್ಯಾಸ ದೊಡ್ಡದು.

ಮಳೆಗಾಲದಲ್ಲಿ ಈ ಕೆಲಸ ಮಾಡಬಹುದೇ?

ಮಾಡಬಹುದು. ನಾನಂತೂ ಮಳೆಗಾಲದಲ್ಲೇ ಹೆಚ್ಚು ಮಾಡುತ್ತೇನೆ. ಇಲ್ಲಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ, ಜುಲೈಯಲ್ಲಿ ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸಿನಲ್ಲಿರುತ್ತದೆ. ಗಾಳಿಯೇ ನೀರಿನಿಂದ ತುಂಬಿಕೊಂಡಿರುವಾಗ ಕ್ಯಾನ್ವಾಸಿನ ನೀರನ್ನು ಅದು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಬೇಸಗೆಯಲ್ಲಿ ಮರುದಿನಕ್ಕೆ ಮುಟ್ಟಲು ಬರುವ ಚಿತ್ರ ಆಟಿಯಲ್ಲಿ (ಜುಲೈ-ಆಗಸ್ಟ್) ಮೂರು ನಾಲ್ಕು ದಿನ ಅಂಟಂಟಾಗಿಯೇ ಇರುತ್ತದೆ.

ಹಲವರು ಇದನ್ನು ತೊಂದರೆ ಎಂದೇ ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ನಿಧಾನವಾಗಿ ಒಣಗುವ ಬಣ್ಣ ತನ್ನನ್ನು ತಾನು ಮಟ್ಟಮಾಡಿಕೊಳ್ಳುತ್ತದೆ, ಗುಳ್ಳೆಗಳು ಮೇಲೆ ಬಂದು ಒಡೆಯಲು ಸಮಯ ಸಿಗುತ್ತದೆ, ಮುಂದೆ ವಿವರಿಸಿರುವ ಬಿರುಕಿನ ಸಮಸ್ಯೆಯೂ ಕಡಿಮೆಯಾಗುತ್ತದೆ. ಆದರೆ ನಿಧಾನಕ್ಕೆ ಇನ್ನೊಂದು ಮುಖವೂ ಇದೆ. ಬಣ್ಣ ಹಸಿಯಾಗಿರುವಷ್ಟು ಹೊತ್ತೂ ಒಳಗಿನ ಚಲನೆ ನಡೆಯುತ್ತಲೇ ಇರುತ್ತದೆ. ರಾತ್ರಿ ಮಲಗುವಾಗ ಕಂಡ ತೆಳುವಾದ ಬಿಳಿಯ ಎಳೆ ಬೆಳಿಗ್ಗೆ ಕರಿಯ ಬಣ್ಣದೊಳಗೆ ಮುಳುಗಿ ಮಾಯವಾಗಿರಬಹುದು. ಹೀಗಾಗಿ ಮಳೆಗಾಲದಲ್ಲಿ ಬಣ್ಣವನ್ನು ಎಂದಿಗಿಂತ ತುಸು ದಪ್ಪಗೆ ಕಲಸುತ್ತೇನೆ, ಪದರವನ್ನು ತೆಳುವಾಗಿ ಹರಡುತ್ತೇನೆ.

ಹವೆಗಿಂತಲೂ ಹೆಚ್ಚು ಕಾಡುವುದು ಹುಳಗಳು. ಮೊದಲ ಮಳೆಗೆ ನೆಲದಿಂದ ಏಳುವ ರೆಕ್ಕೆಯ ಗೆದ್ದಲು ದೀಪಕ್ಕೆ ಮುತ್ತಿ, ಹೊಳೆಯುವ ಹಸಿ ಬಣ್ಣದ ಮೇಲೆ ಉದುರುತ್ತವೆ, ಉದುರಿದವು ಸುಮ್ಮನಿರದೆ ರೆಕ್ಕೆ ಕಳಚಿ ಗೆರೆ ಎಳೆಯುತ್ತ ನಡೆಯುತ್ತವೆ. ಬಿದ್ದ ಕೂಡಲೇ ಕಡ್ಡಿಯ ಮೊನೆಯಿಂದ ಎತ್ತಿದರೆ ಬಣ್ಣ ಮತ್ತೆ ಕೂಡಿಕೊಳ್ಳುತ್ತದೆ. ಕೆನೆಗಟ್ಟಿದ ಮೇಲೆ ಮುಟ್ಟಬಾರದು. ಪೂರ್ತಿ ಒಣಗಲು ಬಿಟ್ಟು ನಂತರ ಕೆರೆದು ತೆಗೆಯುವುದೇ ಲೇಸು. ಸಂಜೆ ಆರರ ನಂತರ ಕೋಣೆಯ ದೀಪ ಆರಿಸಿ, ಕ್ಯಾನ್ವಾಸಿಗೆ ತಾಗದಂತೆ ರಟ್ಟಿನ ಪೆಟ್ಟಿಗೆಯೊಂದನ್ನು ಕವುಚಿಟ್ಟರೆ ಈ ರಗಳೆ ಇಲ್ಲ.

ಬಣ್ಣದ ಹದ ಹೇಗಿರಬೇಕು?

ಜೋನಿಬೆಲ್ಲದ ಹಾಗೆ. ಕಡ್ಡಿ ಎತ್ತಿದಾಗ ಧಾರೆ ಕಡಿಯದೆ ಇಳಿಯಬೇಕು, ಇಳಿದದ್ದು ಮೇಲ್ಮೈಯಲ್ಲಿ ಒಂದೆರಡು ಕ್ಷಣ ಗುಪ್ಪೆಯಾಗಿ ನಿಂತು ಮತ್ತೆ ಸಮನಾಗಬೇಕು. ಟ್ಯೂಬಿನ ದಪ್ಪ ಬಣ್ಣವಾದರೆ ಒಂದು ಪಾಲಿಗೆ ಎರಡು ಪಾಲು ಮೀಡಿಯಂ ಹಾಕಿ ಆರಂಭಿಸಿ. ಬಾಟಲಿಯ ತೆಳು ಬಣ್ಣಕ್ಕೆ ಸಮಪಾಲು ಸಾಕಾಗಬಹುದು. ನೀರನ್ನು ಕೊನೆಯಲ್ಲಿ, ಹನಿಹನಿಯಾಗಿ ಮಾತ್ರ. ಹದವನ್ನು ನೀರಿನಿಂದಲೇ ತರಲು ಹೊರಟರೆ ಪಾಲಿಮರ್ ಕಣಗಳ ನಡುವಿನ ಅಂತರ ಹೆಚ್ಚಿ, ಒಣಗಿದ ಬಣ್ಣ ಬಲಹೀನವಾಗುತ್ತದೆ, ಬೆರಳು ಉಜ್ಜಿದರೆ ಪುಡಿ ಹತ್ತುತ್ತದೆ.

ಎಲ್ಲ ಬಣ್ಣಗಳ ಹದವೂ ಒಂದೇ ಆಗಿರಬೇಕು ಎಂದು ಹೇಳಿಕೊಡುವುದು ವಾಡಿಕೆ. ಕಲಿಯುವವರಿಗೆ ಅದು ಒಳ್ಳೆಯ ನಿಯಮ. ಕೈ ಕುದುರಿದ ಮೇಲೆ ಬೇಕೆಂದೇ ಒಂದು ಬಣ್ಣವನ್ನು ತೆಳುವಾಗಿಸಿ ನೋಡಿ. ತೆಳುವಾದದ್ದು ದಪ್ಪನೆಯದನ್ನು ಸೀಳಿಕೊಂಡು ಓಡುವ ಪರಿ ನೋಡುವಂಥದ್ದು.

ಪೋರಿಂಗ್ ಮೀಡಿಯಂ ದುಬಾರಿ. ಬದಲಿಗೆ ಫೆವಿಕಾಲ್ ಬೆರೆಸಿದರೆ ಆಗದೇ?

ಅಭ್ಯಾಸಕ್ಕೆ ಆಗುತ್ತದೆ. ಮಾರುವ, ಉಡುಗೊರೆ ಕೊಡುವ ಚಿತ್ರಕ್ಕೆ ಬೇಡ. ಮರಗೆಲಸದ ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್ ಜಾತಿಯದು. ಅದು ಅಂಟಿಸುವುದಕ್ಕೆ ತಯಾರಾದದ್ದು, ಬೆಳಕಿಗೆ ತೆರೆದುಕೊಂಡು ದಶಕಗಟ್ಟಲೆ ಗೋಡೆಯ ಮೇಲೆ ಇರಲೆಂದು ಅಲ್ಲ. ಅದರಲ್ಲಿ ಬಹುತೇಕ ಬಗೆಗಳು ತೇವಕ್ಕೆ ಮೆತ್ತಗಾಗುತ್ತವೆ, ಕಾಲ ಕಳೆದಂತೆ ಹಳದಿಗೆ ತಿರುಗುವುದೂ ಇದೆ. ಕರಾವಳಿಯ ಮನೆಯ ಗೋಡೆ ವರ್ಷದಲ್ಲಿ ನಾಲ್ಕು ತಿಂಗಳು ಬೆವರುತ್ತದೆ ಎಂಬುದನ್ನು ಮರೆಯಬಾರದು. ನೀರು ಬೆರೆಸಿದ ಅಂಟಿನಲ್ಲಿ ಗುಳ್ಳೆಗಳೂ ಹೆಚ್ಚು, ಕಲಸಿ ಒಂದು ರಾತ್ರಿ ಮುಚ್ಚಿಟ್ಟರೆ ಅವು ಬಹುಮಟ್ಟಿಗೆ ಇಳಿಯುತ್ತವೆ.

ಒಂದು ಕ್ಯಾನ್ವಾಸಿಗೆ ಎಷ್ಟು ಬಣ್ಣ ಬೇಕು?

ಅಂದಾಜಿಗಿಂತ ಲೆಕ್ಕ ಒಳ್ಳೆಯದು. ಹಸಿ ಪದರ ಒಂದೂವರೆ ಮಿಲಿಮೀಟರ್ ದಪ್ಪವಿರಬೇಕೆಂದು ಇಟ್ಟುಕೊಳ್ಳೋಣ. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಕ್ಯಾನ್ವಾಸಿನ ವಿಸ್ತೀರ್ಣ 1,200 ಚದರ ಸೆಂಟಿಮೀಟರ್. ಅದನ್ನು 0.15ರಿಂದ ಗುಣಿಸಿದರೆ 180 ಮಿಲಿಲೀಟರ್ ಬರುತ್ತದೆ. ಅಂಚುಗಳಿಗೆ ಮತ್ತು ಹರಿದು ಹೋಗುವುದಕ್ಕೆ ಮೂರನೇ ಒಂದು ಭಾಗ ಸೇರಿಸಿ 240 ಮಿಲಿಲೀಟರ್ ಕಲಸಿಕೊಳ್ಳಿ. ಇದು ಮೀಡಿಯಂ ಸೇರಿದ ಒಟ್ಟು ಪ್ರಮಾಣ.

ಚಿತ್ರದಲ್ಲಿ ಕಾಣುವ ಗುಂಡಗಿನ ಕೋಶಗಳು, ಅಂದರೆ ಸೆಲ್‌ಗಳು, ಹೇಗೆ ಮೂಡುತ್ತವೆ?

ಅತ್ಯಂತ ಹೆಚ್ಚು ಕೇಳಲಾಗುವ ಪ್ರಶ್ನೆ ಇದೇ. ಬಣ್ಣದ ಪುಡಿಗಳ ತೂಕ ಒಂದೇ ಅಲ್ಲ. ಟೈಟಾನಿಯಂ ಬಿಳಿಯ ಪುಡಿ ನೀರಿಗಿಂತ ನಾಲ್ಕು ಪಟ್ಟಿಗೂ ತುಸು ಹೆಚ್ಚು ಸಾಂದ್ರ, ಕೆಂಪು ಕಾವಿಯಲ್ಲಿರುವ ಕಬ್ಬಿಣದ ಆಕ್ಸೈಡ್ ಸುಮಾರು ಐದು ಪಟ್ಟು, ಇಂಗಾಲದ ಕಪ್ಪು ಎರಡು ಪಟ್ಟಿಗೂ ಕಡಿಮೆ, ಥ್ಯಾಲೋ ನೀಲಿ ಒಂದೂವರೆ ಪಟ್ಟಿನ ಸುತ್ತಮುತ್ತ. ಬಿಳಿಯನ್ನು ಕಪ್ಪಿನ ಮೇಲೆ ಸುರಿದರೆ ಬಿಳಿ ಕೆಳಗಿಳಿಯುತ್ತದೆ, ಕಪ್ಪು ಅಲ್ಲಲ್ಲಿ ಮೇಲಕ್ಕೆ ನುಗ್ಗಿ ಚುಕ್ಕೆಗಳಾಗಿ ಅರಳುತ್ತದೆ. ಅದೇ ಕೋಶ. ಪದರದ ದಪ್ಪ ಮತ್ತು ಹದ ಬದಲಾದಂತೆ ಅದರ ಗಾತ್ರವೂ ಬದಲಾಗುತ್ತದೆ.

ಬಾಟಲಿಯ ಮೇಲೆ ಸಾಂದ್ರತೆಯನ್ನು ಬರೆದಿರುವುದಿಲ್ಲವಾದ್ದರಿಂದ ನೀವೇ ಅಳೆದುಕೊಳ್ಳಬೇಕು. ಸೂಜಿಯಿಲ್ಲದ 10 ಮಿಲಿಲೀಟರಿನ ಸಿರಿಂಜಿಗೆ ಕಲಸಿದ ಬಣ್ಣ ಎಳೆದು, ಗುಳ್ಳೆ ಹೊರಹಾಕಿ, ಗ್ರಾಮಿನ ಹತ್ತನೇ ಒಂದು ಭಾಗದವರೆಗೆ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ತೂಗಿ. ಖಾಲಿ ಸಿರಿಂಜಿನ ತೂಕ ಕಳೆದು ಬಂದ ಸಂಖ್ಯೆಯನ್ನು ಲೋಟದ ಮೇಲೆ ಬರೆಯಿರಿ. ಅಂಕಿಯ ವ್ಯತ್ಯಾಸ ಚಿಕ್ಕದೇ ಇರುತ್ತದೆ, ಆದರೆ ಯಾವುದರ ಮೇಲೆ ಯಾವುದನ್ನು ಸುರಿಯಬೇಕೆಂದು ತಿಳಿಯಲು ಅಷ್ಟು ಸಾಕು.

ಈ ಅಳತೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಂಗಳೂರಿನ ಬೆಂಗ್ರೆಯ ಅಳಿವೆಬಾಗಿಲನ್ನು ಚಿತ್ರಿಸುವಾಗ. ಮಳೆ ಹಿಡಿದ ಮೇಲೆ ನೇತ್ರಾವತಿ, ಫಲ್ಗುಣಿಗಳ ಕೆಂಬಣ್ಣದ ನೀರು ಸಮುದ್ರಕ್ಕೆ ಇಳಿದು, ಹಸಿರು ನೀರಿನ ಮೇಲೆ ಹಾಸಿದಂತೆ ಹರಡುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಎರಡರ ನಡುವಿನ ಅಂಚು ದೂರದವರೆಗೆ ಸ್ಪಷ್ಟವಾಗಿ ಉಳಿಯುತ್ತದೆ. ಆ ಕೆಂಪಿಗೆ ಕಾವಿಯೇ ಸರಿ ಎಂದು ಯಾರಿಗಾದರೂ ತೋರುತ್ತದೆ. ಆದರೆ ಕಾವಿ ಭಾರ, ಹಸಿರಿನ ಮೇಲೆ ಸುರಿದರೆ ಮುಳುಗಿ ಕೋಶಗಳಾಗಿ ಒಡೆಯುತ್ತದೆ, ಅಂಚು ಉಳಿಯುವುದಿಲ್ಲ. ಅದಕ್ಕಾಗಿ ಹಗುರವಾದ ಕ್ವಿನಾಕ್ರಿಡೋನ್ ಕೆಂಪಿಗೆ ತುಸು ಹಳದಿ, ತೀರ ಸ್ವಲ್ಪ ಕಪ್ಪು ಬೆರೆಸಿ ಮಣ್ಣಿನ ಛಾಯೆ ತಂದು, ಕೆಳಗಿನ ಹಸಿರಿಗೆ ಬಿಳಿ ಸೇರಿಸಿ ಭಾರವಾಗಿಸಿದೆ. ಕೆಂಪು ಮೇಲೆಯೇ ನಿಂತಿತು.

ಈ ಕೋಶಗಳು ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಂತೆ ಕಾಣುತ್ತವೆ. ಎರಡಕ್ಕೂ ಕಾರಣ ಒಂದೇ ಇರಬಹುದೇ?

ಮಲ್ಪೆಯಿಂದ ದೋಣಿ ಹತ್ತಿ ಹೋಗಿ ನೋಡಿ ಬಂದವರೆಲ್ಲರೂ ಇದನ್ನು ಕೇಳುತ್ತಾರೆ. ನೋಟಕ್ಕೆ ಹೋಲಿಕೆಯಿದೆ, ಕಾರಣ ಬೇರೆ. ಅಲ್ಲಿನ ಕಂಬಗಳು ಲಾವಾ ತಣಿದು ಕುಗ್ಗುವಾಗ ಸೀಳಿ ಉಂಟಾದವು. ಬಣ್ಣದ ಕೋಶ ಕುಗ್ಗುವುದರಿಂದ ಆದದ್ದಲ್ಲ, ಭಾರ-ಹಗುರಗಳ ಅದಲು ಬದಲಿನಿಂದ ಆದದ್ದು. ದ್ವೀಪದ ಕಲ್ಲಿಗೆ ನಿಜವಾದ ನಂಟು ಇರುವುದು ನಮ್ಮ ಚಿತ್ರದಲ್ಲಿ ಯಾರೂ ಬಯಸದ ಬಿರುಕುಗಳಿಗೆ.

ಹಾಗಾದರೆ ಒಣಗಿದ ಮೇಲೆ ಬಿರುಕು ಏಕೆ ಬರುತ್ತದೆ?

ಮೇಲಿನ ಪದರ ಬೇಗ ಕೆನೆಗಟ್ಟಿ, ಕೆಳಗಿನದು ಇನ್ನೂ ಹಸಿಯಾಗಿರುವಾಗ ಬಿರುಕಿಗೆ ದಾರಿಯಾಗುತ್ತದೆ. ನೀರು ಆರುತ್ತ ಕೆಳಗಿನ ಪದರ ಕುಗ್ಗುತ್ತದೆ, ಇನ್ನೂ ಬಲ ಬಂದಿರದ ಮೇಲಿನ ಕೆನೆ ಆ ಎಳೆತವನ್ನು ತಾಳಲಾರದೆ ಸೀಳುತ್ತದೆ. ಬಣ್ಣ ಮಡುಗಟ್ಟಿ ನಿಂತ ಕಡೆ, ಅಂದರೆ ಕ್ಯಾನ್ವಾಸಿನ ನಡುವೆ ಮತ್ತು ಅಂಚಿನ ಹತ್ತಿರ, ಇದು ಹೆಚ್ಚು.

ನಮ್ಮಲ್ಲಿ ಇದು ಕಾಣಿಸುವುದು ಮಳೆಗಾಲದಲ್ಲಲ್ಲ, ಡಿಸೆಂಬರ್-ಜನವರಿಯಲ್ಲಿ. ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಬೀಸುವ ಒಣ ಮೂಡುಗಾಳಿಗೆ ಬಣ್ಣದ ಮೇಲ್ಮೈ ನೋಡನೋಡುತ್ತಿದ್ದಂತೆ ಬಿಗಿಯುತ್ತದೆ. ಆ ದಿನಗಳಲ್ಲಿ ಮೂಡಣ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಚಿತ್ರದ ಮೇಲೆ ಪೆಟ್ಟಿಗೆ ಕವುಚಿ, ಒಳಗೊಂದು ಬಟ್ಟಲಲ್ಲಿ ನೀರಿಟ್ಟರೆ ಒಣಗುವ ವೇಗ ತಗ್ಗುತ್ತದೆ. ಬೇಗ ಒಣಗಲೆಂದು ಬಿಸಿಲಿಗೆ ಇಡುವುದು ಬಿರುಕನ್ನು ಕರೆದು ಕೂರಿಸಿದಂತೆ. ಬಿರುಕು ಬಿಟ್ಟ ಚಿತ್ರವನ್ನು ಎಸೆಯಬೇಕಾಗಿಲ್ಲ. ಸಾಫ್ಟ್ ಜೆಲ್ ಎಂಬ ದಪ್ಪನೆಯ ಅಕ್ರಿಲಿಕ್ ಲೇಪ ತುಂಬಿ ಮಟ್ಟಮಾಡಿ, ಮೇಲೆ ಮತ್ತೊಂದು ಪದರ ಸುರಿಯಬಹುದು.

ಕೋಶ ತರಿಸಲು ಸಿಲಿಕೋನ್ ಎಣ್ಣೆ ಬೇಕೇ ಬೇಕೇ? ತೆಂಗಿನೆಣ್ಣೆ ಹಾಕಿದರೆ ನಡೆಯುತ್ತದೆಯೇ?

ತೆಂಗಿನೆಣ್ಣೆ ಖಂಡಿತ ಬೇಡ. ಅದು ಗಾಳಿಗೆ ಒಣಗದ ಎಣ್ಣೆ, ಎಷ್ಟು ಕಾಲವಾದರೂ ಜಿಡ್ಡಾಗಿಯೇ ಉಳಿಯುತ್ತದೆ. ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವುದರಿಂದ ಚಳಿಯ ಬೆಳಗಿನಲ್ಲಿ ಬಿಳಿಯ ಕಲೆಯಾಗಿ ಕಾಣುತ್ತದೆ, ಇರುವೆಗಳಿಗೂ ಔತಣವಾದೀತು.

ಸಿಲಿಕೋನ್ ಎಣ್ಣೆಯ ಒಂದೆರಡು ಹನಿಯನ್ನು ಒಂದು ಲೋಟ ಬಣ್ಣಕ್ಕೆ ಹಾಕಿ, ಎರಡೇ ಸುತ್ತು ತಿರುಗಿಸಿದರೆ ಕೋಶಗಳು ಧಾರಾಳವಾಗಿ ಬರುತ್ತವೆ. ಹೆಚ್ಚು ಕಲಸಿದರೆ ಅವು ಸಣ್ಣವಾಗುತ್ತವೆ. ಆದರೆ ಆ ಎಣ್ಣೆ ಮೇಲ್ಮೈಯಲ್ಲಿ ಉಳಿದು, ನಂತರ ಹಚ್ಚುವ ವಾರ್ನಿಶ್ ನಿಲ್ಲದೆ ಕಣ್ಣುಕಣ್ಣಾಗಿ ಬಿಟ್ಟುಕೊಳ್ಳುವಂತೆ ಮಾಡುತ್ತದೆ. ಚಿತ್ರ ಪೂರ್ತಿ ಗಟ್ಟಿಯಾದ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಹಿಂಡಿ, ಹಗುರವಾಗಿ ಒರೆಸಬೇಕು. ಸ್ಪಿರಿಟ್ ಬಳಸುವವರೂ ಇದ್ದಾರೆ, ಅದು ಅಕ್ರಿಲಿಕ್ಕನ್ನೇ ಮೆತ್ತಗಾಗಿಸುತ್ತದೆ. ಈ ಗೊಡವೆಯೇ ಬೇಡವೆಂದು ನಾನು ಸಿಲಿಕೋನ್ ಬಿಟ್ಟು, ಸಾಂದ್ರತೆಯ ವ್ಯತ್ಯಾಸವನ್ನೇ ನಂಬಿದ್ದೇನೆ. ಕೋಶಗಳು ಕಡಿಮೆ, ಆದರೆ ಬೇಕಾದಲ್ಲಿ ಬರುತ್ತವೆ.

ಬಿಡಿಸುವ ವಿಧಾನಗಳಲ್ಲಿ ಯಾವುದರಿಂದ ಆರಂಭಿಸಬೇಕು?

ಒಂದೇ ಲೋಟದಲ್ಲಿ ಬಣ್ಣಗಳನ್ನು ಪದರ ಪದರವಾಗಿ ತುಂಬಿ, ಕ್ಯಾನ್ವಾಸಿನ ನಡುವೆ ವೃತ್ತಾಕಾರವಾಗಿ ಸುರಿಯುವುದರಿಂದ ಆರಂಭಿಸಿ. ಲೋಟವನ್ನು ಕವುಚಿ ಎತ್ತುವ ಫ್ಲಿಪ್ ಕಪ್ ನಂತರ. ಒದ್ದೆ ಕಾಗದದ ಅಂಚಿನಿಂದ ಬಣ್ಣವನ್ನು ಎಳೆಯುವ ಸ್ವೈಪ್ ಅದರ ನಂತರ. ಹೇರ್ ಡ್ರೈಯರಿನ ತಣ್ಣನೆಯ ಗಾಳಿಯಿಂದ ಬಣ್ಣವನ್ನು ದಳದಳವಾಗಿ ಹಾರಿಸುವ ಡಚ್ ಪೋರ್ ಕೊನೆಗೆ ಇರಲಿ, ಅದಕ್ಕೆ ಕೈಯ ಹಿಡಿತ ಬೇಕು, ಗೋಡೆ ಹಾಳಾದರೂ ಚಿಂತೆಯಿಲ್ಲದ ಕೋಣೆ ಬೇಕು.

ಯಕ್ಷಗಾನದ ವೇಷದ ಬಣ್ಣಗಳನ್ನು ಸುರಿದರೆ ಎಲ್ಲ ಕೆಸರಾಗುತ್ತದೆ. ಏಕೆ?

ಕೆಂಪು ಮತ್ತು ಹಸಿರು ಪರಸ್ಪರ ಎದುರು ಬಣ್ಣಗಳು. ಹಸಿಯಾಗಿ ಬೆರೆತರೆ ಕಂದು ಆಗದೆ ಗತಿಯಿಲ್ಲ. ಬಣ್ಣದ ವೇಷದ ಮುಖವನ್ನೇ ನೋಡಿ. ಕೆಂಪು ಕಪ್ಪುಗಳ ನಡುವೆ ಬಿಳಿಯ ಚಿಟ್ಟಿ, ಅಂದರೆ ಉಬ್ಬು ಚುಕ್ಕೆಗಳು, ಸಾಲಾಗಿ ನಿಂತು ಎರಡನ್ನೂ ದೂರವಿಡುತ್ತವೆ. ಲೋಟದಲ್ಲೂ ಹಾಗೆಯೇ, ಹೊಂದಿಕೊಳ್ಳದ ಎರಡು ಬಣ್ಣಗಳ ನಡುವೆ ಬಿಳಿಯನ್ನೋ ಕಪ್ಪನ್ನೋ ಹಾಕಿ. ಓಲಿಸುವುದನ್ನೂ ಕಡಿಮೆ ಮಾಡಿ. ಚೆನ್ನಾಗಿ ಬಂದ ಚಿತ್ರವನ್ನು ಇನ್ನೂ ಚೆನ್ನಾಗಿಸಲು ಹೋಗಿ ಮತ್ತೊಮ್ಮೆ ಬಗ್ಗಿಸುವುದೇ ಕೆಸರಿಗೆ ಮುಖ್ಯ ಕಾರಣ.

ಮಂಗಳೂರು ಹಂಚಿನ ಮೇಲೆ ಸುರಿಯಬಹುದೇ?

ಬಹುದು. ಹಳೆಯ ಮನೆ ಕೆಡವಿದ ಕಡೆ ಹಂಚುಗಳು ಸುಲಭವಾಗಿ ಸಿಗುತ್ತವೆ, ಹಿಂಬದಿಯಲ್ಲಿ ಕಾರ್ಖಾನೆಯ ಮುದ್ರೆ ಇರುವ ಹಂಚಾದರೆ ಆ ಭಾಗಕ್ಕೆ ಬಣ್ಣ ತಾಗಿಸಬೇಡಿ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಗುರುತು ಅದು, ಅಕ್ರಿಲಿಕ್ಕಿಗಿಂತ ಹೆಚ್ಚಿನ ಬೆಲೆ ಅದಕ್ಕಿದೆ.

ಸುಟ್ಟ ಮಣ್ಣು ನೀರು ಕುಡಿಯುತ್ತದೆ. ಹಾಗೆಯೇ ಸುರಿದರೆ ಬಣ್ಣದೊಳಗಿನ ನೀರನ್ನು ಹಂಚು ಹೀರಿ, ಹರಿವು ಅರ್ಧಕ್ಕೆ ನಿಲ್ಲುತ್ತದೆ. ಪಾಚಿಯನ್ನು ತೆಂಗಿನ ನಾರಿನ ಬ್ರಶ್ಶಿನಿಂದ ಉಜ್ಜಿ ತೊಳೆದು, ಹಲವು ದಿನ ಬಿಸಿಲಿಗೆ ಒಣಗಿಸಿ, ಜೆಸ್ಸೊ ಎಂಬ ಬಿಳಿಯ ತಳಲೇಪವನ್ನು ಎರಡು ಪದರ ಬಳಿದ ಮೇಲೆಯೇ ಸುರಿಯಬೇಕು. ಹಂಚಿನ ಏಣುಗಳ ನಡುವಿನ ತಗ್ಗುಗಳಲ್ಲಿ ಬಣ್ಣ ನಿಂತು ಕಾಲುವೆಯಾಗುವುದು ಅದರದ್ದೇ ಸೊಗಸು, ಸಮತಟ್ಟಾದ ಕ್ಯಾನ್ವಾಸಿನಲ್ಲಿ ಅದು ದೊರೆಯುವುದಿಲ್ಲ.

ಕ್ಯಾನ್ವಾಸಿನ ನಡುವೆ ಬಣ್ಣ ತಗ್ಗಿಗಿಳಿದು ನಿಲ್ಲುತ್ತದೆ. ಪರಿಹಾರವೇನು?

ಬಟ್ಟೆ ಭಾರಕ್ಕೆ ಜಗ್ಗಿದೆ. ಮೂಲೆಗಳ ಬೆಣೆ ಬಡಿದು ಬಿಗಿ ಮಾಡಿ, ಹಿಂದಿನಿಂದ ಚೌಕಟ್ಟಿನ ಅಳತೆಯ ರಟ್ಟು ಕೊಡಿ. ಎರಡು ಅಡಿಗಿಂತ ದೊಡ್ಡ ಚಿತ್ರಕ್ಕೆ ಮರೈನ್ ಪ್ಲೈವುಡ್ಡೇ ಒಳ್ಳೆಯದು. ಮೇಜು ಮಟ್ಟವಿದೆಯೇ ಎಂದು ಗಾರೆಯವರ ರಸಮಟ್ಟ ಇಟ್ಟು ನೋಡಿ, ಹಳೆಯ ಮನೆಗಳ ಕಾವಿನೆಲ ಕಣ್ಣಿಗೆ ಮಟ್ಟವಾಗಿ ಕಂಡರೂ ನೀರು ಹೊರಹೋಗಲೆಂದು ಒಂದು ಬದಿಗೆ ಇಳಿಜಾರು ಇರುತ್ತದೆ.

ಗುಳ್ಳೆ ಒಡೆಯಲು ಬೆಂಕಿಯ ಟಾರ್ಚ್ ಬಳಸುವುದು ಸುರಕ್ಷಿತವೇ?

ಮೇಲಿನಿಂದ ಒಂದು ಗೇಣು ದೂರದಲ್ಲಿ, ಒಂದೇ ಕಡೆ ನಿಲ್ಲಿಸದೆ, ವೇಗವಾಗಿ ಆಡಿಸಿದರೆ ಅಪಾಯ ಕಡಿಮೆ. ಬಣ್ಣ ಸುಟ್ಟರೆ ವಿಷಕಾರಿ ಹೊಗೆ ಬರುತ್ತದೆ, ಕಾದ ಕಡೆ ಕೆನೆಗಟ್ಟಿ ಮುಂದೆ ಬಿರುಕೂ ಬಿಡುತ್ತದೆ. ಹತ್ತಿರದಲ್ಲಿ ಸ್ಪಿರಿಟ್ ಇದ್ದರೆ ಟಾರ್ಚ್ ಮುಟ್ಟಲೇಬಾರದು. ಮಕ್ಕಳಿಗೆ ಕಲಿಸುವಾಗ ನಾನು ಸೂಜಿ ಕೊಡುತ್ತೇನೆ, ಒಂದೊಂದೇ ಗುಳ್ಳೆ ಚುಚ್ಚುವುದು ಅವರಿಗೆ ಬಣ್ಣ ಸುರಿಯುವುದಕ್ಕಿಂತಲೂ ಇಷ್ಟ.

ವಾರ್ನಿಶ್ ಯಾವಾಗ ಹಚ್ಚಬೇಕು? ರೆಸಿನ್ ಹಾಕಿದರೆ ಹೊಳಪು ಹೆಚ್ಚಲ್ಲವೇ?

ಮುಟ್ಟಲು ಒಣಗಿದೆ ಎಂದರೆ ಒಳಗೆ ಒಣಗಿದೆ ಎಂದಲ್ಲ. ಬೇಸಗೆಯಲ್ಲಿ ಕನಿಷ್ಠ ಮೂರು ನಾಲ್ಕು ವಾರ ಬಿಡಿ. ಮಳೆಗಾಲದಲ್ಲಿ ಸುರಿದ ಚಿತ್ರಕ್ಕೆ ನವರಾತ್ರಿ ಕಳೆಯಲಿ, ದೀಪಾವಳಿಯ ಹೊತ್ತಿಗೆ ಹಚ್ಚಿದರೂ ತಡವಲ್ಲ. ಒಳಗೆ ತೇವವಿರುವಾಗ ಮುಚ್ಚಿದರೆ ಮಬ್ಬು ಕವಿಯುತ್ತದೆ.

ರೆಸಿನ್ ಹೊಳಪು ಕೊಡುವುದು ನಿಜ. ಆದರೆ ಈ ಎಪಾಕ್ಸಿ ರೆಸಿನ್ ಗಟ್ಟಿಯಾಗುವಾಗ ಗಾಳಿಯ ತೇವ ತಾಗಿದರೆ ಮೇಲೆ ಜಿಡ್ಡಿನಂತಹ ಪೊರೆ ಏಳುತ್ತದೆ, ಬಿಸಿಲಿಗೆ ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ಗಾಜಿನಂತಹ ಹೊಳಪು ಎಲ್ಲ ಚಿತ್ರಕ್ಕೂ ಒಪ್ಪುವುದೂ ಇಲ್ಲ. ಕಿಟಕಿಯ ಎದುರು ತೂಗಿದರೆ ಚಿತ್ರದ ಬದಲು ಕಿಟಕಿಯೇ ಕಾಣುತ್ತದೆ.

ಮನೆಯಲ್ಲಿ ತೂಗಿದ ಚಿತ್ರದ ಹಿಂಬದಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು?

ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡಲು ಜಾಗ ಬಿಡಿ, ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಸಾಕು. ಮಳೆ ಹೊಡೆಯುವ ಪಡುವಣ ಗೋಡೆ ಬೇಡ. ಒಳಗೆ ಎತ್ತಿಡುವುದಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಬಾರದು, ಮುಖಕ್ಕೆ ಮುಖ ತಾಗಿಸಿ ಇಡಲೂಬಾರದು. ಅಕ್ರಿಲಿಕ್ ನಮ್ಮ ಏಪ್ರಿಲ್ ಸೆಖೆಗೆ ಮೆತ್ತಗಾಗಿ ಒಂದಕ್ಕೊಂದು ಹತ್ತಿಕೊಂಡರೆ ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ನಡುವೆ ಸಿಲಿಕೋನ್ ಲೇಪದ ಕಾಗದವಿರಲಿ.

ಎಷ್ಟು ವರ್ಷ ಬಾಳುತ್ತದೆ? ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳಂತೆ ನೂರು ವರ್ಷ ಉಳಿದೀತೇ?

ಚಾಪೆಲಿನ ಚಿತ್ರಗಳನ್ನು ಇಟಲಿಯ ಜೆಸ್ವಿತ್ ಸಹೋದರ ಆಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆರಂಭಿಸಿದರು. ಅವುಗಳಲ್ಲಿ ಕೆಲವು ಹಸಿ ಗಾರೆಯ ಮೇಲೆ ಬರೆದ ಫ್ರೆಸ್ಕೊ, ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಫ್ರೆಸ್ಕೊದಲ್ಲಿ ಸುಣ್ಣವೇ ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿಯುತ್ತದೆ. ಅವೂ ಕರಾವಳಿಯ ತೇವಕ್ಕೆ ನಲುಗಿ ತಜ್ಞರ ಸಂರಕ್ಷಣೆ ಪಡೆಯಬೇಕಾಯಿತು. ಅಕ್ರಿಲಿಕ್ಕಿಗೆ ಇನ್ನೂ ಎಪ್ಪತ್ತು ವರ್ಷದಷ್ಟೇ ವಯಸ್ಸು, ಅಷ್ಟರಲ್ಲಿ ಅದು ತೈಲವರ್ಣಕ್ಕಿಂತ ಕಡಿಮೆ ಹಳದಿಯಾಗುತ್ತದೆ, ಹೆಚ್ಚು ಬಾಗಿಕೊಡುತ್ತದೆ ಎಂಬುದು ಕಂಡುಬಂದಿದೆ. ಬೆಳಕಿಗೆ ಮಾಸದ ಬಣ್ಣವನ್ನು ಆರಿಸುವುದು ನಿಮ್ಮ ಕೈಯಲ್ಲಿದೆ. ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳು ಬೇಗ ಮಾಸುತ್ತವೆ.

ಚಿತ್ರ ಬಿಡಿಸಲು ಬಾರದವರೂ ಇದನ್ನು ಮಾಡಬಹುದಲ್ಲವೇ?

ಮಾಡಬಹುದು, ಆದರೆ ರೇಖೆಯ ಅಭ್ಯಾಸ ಇದ್ದವರ ಸುರಿತ ಬೇರೆಯೇ ಕಾಣುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ನೋಡಿ ಬನ್ನಿ ಎಂದು ಕಲಿಯುವವರಿಗೆ ಹೇಳುತ್ತೇನೆ. ಒಂದು ಗೆರೆ ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲುತ್ತದೆ, ಎಷ್ಟು ಜಾಗ ಖಾಲಿ ಉಳಿಯುತ್ತದೆ ಎಂದು ಗಮನಿಸಿದವರು ಕ್ಯಾನ್ವಾಸಿನ ಪ್ರತಿ ಅಂಗುಲವನ್ನೂ ಕೋಶಗಳಿಂದ ತುಂಬಲು ಹೋಗುವುದಿಲ್ಲ.

ಪ್ರದರ್ಶನದಲ್ಲಿ ಕಂಡ ಚಿತ್ರವನ್ನೇ ಮತ್ತೊಮ್ಮೆ ಮಾಡಿಕೊಡುತ್ತೀರಾ?

ಇಲ್ಲ. ಅದೇ ಬಣ್ಣ, ಅದೇ ಗಾತ್ರ, ಅದೇ ದಿಕ್ಕಿನ ಹರಿವು ಕೊಡಬಹುದು. ಅದೇ ಚಿತ್ರ ಬರುವುದಿಲ್ಲ.

ಉಳಿದ ಬಣ್ಣ ಮತ್ತು ತೊಳೆದ ನೀರನ್ನು ಎಲ್ಲಿ ಹಾಕಬೇಕು?

ಈ ಪ್ರಶ್ನೆಯನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ, ಕೆಲವರು ಕೇಳುವುದೇ ಇಲ್ಲ. ಅಕ್ರಿಲಿಕ್ ಒಂದು ಬಗೆಯ ಪ್ಲಾಸ್ಟಿಕ್. ಮನೆಗೊಂದು ಬಾವಿ ಇರುವ ನಮ್ಮ ಊರುಗಳಲ್ಲಿ ಬಾವಿಕಟ್ಟೆಯ ಹತ್ತಿರವೋ ತೆಂಗಿನ ಬುಡಕ್ಕೋ ಬಣ್ಣದ ನೀರು ಚೆಲ್ಲುವುದು ಕುಡಿಯುವ ನೀರಿಗೇ ಕಲಸಿದಂತೆ. ಲೋಟದಲ್ಲಿ ಉಳಿದ ಬಣ್ಣವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು ಒಣಗಿಸಿ ಸುಲಿದರೆ ಚರ್ಮದಂತಹ ಹಾಳೆ ಸಿಗುತ್ತದೆ, ಅದನ್ನು ಕತ್ತರಿಸಿ ಕಿವಿಯೋಲೆಗೋ ಪುಸ್ತಕದ ಗುರುತಿಗೋ ಬಳಸಬಹುದು. ಬ್ರಶ್ಶು, ಲೋಟಗಳನ್ನು ಮೊದಲು ಹಳೆಯ ಪತ್ರಿಕೆಯಿಂದ ಒರೆಸಿ, ನಂತರ ಒಂದೇ ಬಕೆಟಿನಲ್ಲಿ ತೊಳೆಯಿರಿ.

ಆ ಬಕೆಟಿನ ನೀರಿಗೆ ಪುಡಿಮಾಡಿದ ಪಟಿಕ ಹಾಕಿ ಕಲಕಿ, ಬಳಿಕ ಸ್ವಲ್ಪ ಸ್ವಲ್ಪವಾಗಿ ಅರಳಿದ ಸುಣ್ಣ ಸೇರಿಸಿದರೆ ಬಣ್ಣದ ಕಣಗಳು ಗಟ್ಟಿಗಟ್ಟಿಯಾಗಿ ಕೂಡಿ ತಳ ಸೇರುತ್ತವೆ. ಸುಣ್ಣ ಮುಟ್ಟುವಾಗ ಕೈಗವಸು ಇರಲಿ. ರಾತ್ರಿ ಕಳೆದ ಮೇಲೆ ಹಳೆಯ ಪಂಚೆಯ ಎರಡು ಮಡಿಕೆಯಲ್ಲಿ ಸೋಸಿ, ತಿಳಿನೀರನ್ನು ಒಳಚರಂಡಿಗೆ ಬಿಡಿ. ಬಟ್ಟೆಯಲ್ಲಿ ಉಳಿದ ಗಸಿಯನ್ನು ಒಣಗಿಸಿ ನಗರಸಭೆಯ ಒಣಕಸದವರಿಗೆ ಕೊಡಿ.